ಗೆರಟೆಯ ಕೆಂಪು ನೀರು

ಒಂದು ಚಿಟಿಕೆ ಅರಸಿನದಿಂದ ಚೆನ್ನಪ್ಪನ ಭಾನುವಾರ ಹಾಳಾಯಿತು.

ಪೆರ್ಲದ ಹತ್ತಿರದ ಹಾಲಿನ ಸೊಸೈಟಿಯೊಂದರಲ್ಲಿ ತಲೆ ನರೆಯುವಷ್ಟು ಕಾಲದಿಂದ ಹಾಲು ಅಳೆಯುತ್ತಿದ್ದವನಿಗೆ, ಹತ್ತನೆಯ ಸರ್ಟಿಫಿಕೇಟು ತಂದರೆ ಕೆಲಸ ಕಾಯಂ ಮಾಡುತ್ತೇವೆ ಎಂದಿದ್ದರು. ತರಲು ಅದು ಇದ್ದರಲ್ಲವೇ? ಹೆಣ್ಣು ನೋಡಲು ಹೋದಾಗ 'ಹುಡುಗ ಹತ್ತನೇ ಪಾಸು' ಎಂದು ಸೋದರಮಾವ ಬಿಟ್ಟ ಸುಳ್ಳನ್ನು ಹೆಂಡತಿ ವಾರಿಜಾ ಇವತ್ತಿಗೂ ನಂಬಿಕೊಂಡಿದ್ದಳು. ತವರಿನಲ್ಲಿ ಹೇಳಿಕೊಂಡು ಜಂಬವನ್ನೂ ಪಡುತ್ತಿದ್ದಳು. ಹಾಗಾಗಿ ಚೆನ್ನಪ್ಪ ದೊಡ್ಡವರಿಗಾಗಿ ನಡೆಸುವ, ಹತ್ತನೆಗೆ ಸಮನಾದ ತುಲ್ಯತಾ ಪರೀಕ್ಷೆಗೆ ಗುಟ್ಟಾಗಿ ಹೆಸರು ಕೊಟ್ಟಿದ್ದ, ಅದೂ ಪರಿಚಯದವರು ಸಿಗದಿರಲೆಂದು ದೂರದ ಕಾಸರಗೋಡಿನಲ್ಲಿ. ಉಳಿದ ಪೇಪರುಗಳು ಹೇಗೋ ದಾಟಿದ್ದವು. ಬಾಕಿಯಿದ್ದದ್ದು ರಸಾಯನಶಾಸ್ತ್ರ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ.

ಆಮ್ಲ, ಪ್ರತ್ಯಾಮ್ಲ ಎಂದು ದನದ ಹಟ್ಟಿಯ ಹಿಂದೆ ಕೂತು ಉರುಹೊಡೆದು ಅವನಿಗೆ ಬದುಕೇ ಸಾಕಾಗಿತ್ತು. ಓದಿದ್ದು ನಿಲ್ಲುತ್ತಿರಲಿಲ್ಲ. ಕಣ್ಣಾರೆ ಕಂಡರೆ ನೆನಪಿದ್ದೀತು ಎಂದು ಆ ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಅರಸಿನ, ಎಲೆಯಡಿಕೆಯ ತಟ್ಟೆಯಿಂದ ಸುಣ್ಣ, ಒಂದು ಲಿಂಬೆಹಣ್ಣು ಎತ್ತಿಕೊಂಡು ಹಟ್ಟಿಯ ಹಿಂದಕ್ಕೆ ಹೊರಟ. ಪಾತ್ರೆ ಮುಟ್ಟಿದರೆ ವಾರಿಜಾ ಕೇಳುತ್ತಾಳೆ. ಅದಕ್ಕೆ ತೆಂಗಿನ ಗೆರಟೆಯೇ ಆದೀತು. ಅರಸಿನದ ನೀರಿಗೆ ಸುಣ್ಣ ಬಿದ್ದದ್ದೇ ತಡ, ಹಳದಿ ಹೋಗಿ ನೆತ್ತರಿನಂತೆ ಕೆಂಪಾಯಿತು. ಚೆನ್ನಪ್ಪನಿಗೆ ಬಹಳ ಸಂತೋಷವಾಯಿತು. ಗೆರಟೆಯನ್ನು ಪಾಗಾರದ ಮೇಲಿಟ್ಟು, ಕೊಯ್ದ ಲಿಂಬೆಹಣ್ಣನ್ನು ಪಕ್ಕದಲ್ಲಿಟ್ಟು, ಮುಂದೇನೆಂದು ನೋಡಲು ಪುಸ್ತಕ ತರಲು ಹೋದ.

ಅಷ್ಟರಲ್ಲಿ ಪಾಗಾರದ ಆಚೆ ಪಕ್ಕದ ಮನೆಯ ಕಿನ್ನಿಯಕ್ಕ ಬಂದಳು. ಹಿಂದಿನ ದಿನವಷ್ಟೇ ಅವಳ ಮೊಟ್ಟೆಯಿಡುವ ಕೋಳಿ ಸತ್ತಿತ್ತು. ಗೆರಟೆಯಲ್ಲಿ ಮಾಟಕ್ಕೆ ಕಲಸುವ ಕೆಂಪು ಕುರ್ದಿ ನೀರು, ಪಕ್ಕದಲ್ಲಿ ಕೊಯ್ದ ಲಿಂಬೆ, ಅದೂ ತನ್ನ ಮನೆಯ ಕಡೆಗೆ ಮುಖ ಮಾಡಿ! ಅವಳು ಹಾಕಿದ ಬೊಬ್ಬೆಗೆ ಬಸ್ಸಿಗೆ ಕಾದಿದ್ದವರೂ ಬಸ್ಸು ಬಿಟ್ಟು ಬಂದರು.

ಎಲ್ಲರಿಗಿಂತ ಮುಂದೆ ಕಿಟ್ಟಣ್ಣ. ಊರಿನ ಯಾವ ಪಂಚಾಯಿತಿಕೆಗೂ ಕರೆಯದೆ ಬರುವ ಮನುಷ್ಯ.

ಮಾಟವಲ್ಲ, ಬರೀ ಅರಸಿನ ಮತ್ತು ಸುಣ್ಣ ಎಂದು ಚೆನ್ನಪ್ಪ ಹೇಳಿದ. ಕುರ್ದಿಗೆ ಮತ್ತೇನು ಹಾಕುತ್ತಾರೆ ಎಂದು ಕಿನ್ನಿಯಕ್ಕ ಕೇಳಿದಳು. ಬೇಕಾದರೆ ನೋಡಿ ಎಂದು ಅವನು ಲಿಂಬೆ ಹಿಂಡಿದ. ಕೆಂಪು ನೀರು ಎಲ್ಲರ ಕಣ್ಣೆದುರೇ ಹಳದಿಯಾಯಿತು. ಜನ ಎರಡು ಹೆಜ್ಜೆ ಹಿಂದೆ ಸರಿದರು.

"ಈ ವಿದ್ಯೆ ಎಲ್ಲಿ ಕಲಿತದ್ದು ನೀನು?" ಎಂದ ಕಿಟ್ಟಣ್ಣ.

ಚೆನ್ನಪ್ಪ ಹೆಂಡತಿಯ ಮುಖ ನೋಡಿದ. "ಶಾಲೆಯಲ್ಲಿ. ಹತ್ತನೇಲಿ."

"ನಾನೂ ಹತ್ತನೇ ಪಾಸಾದವನೇ ಮಾರಾಯ. ನಮಗೆ ಇಂಥದ್ದನ್ನೆಲ್ಲ ಕಲಿಸ್ಲಿಲ್ಲ."

ಅಲ್ಲಿಗೆ ತೀರ್ಮಾನವಾಯಿತು. ಮರುದಿನ ಬೆಳಿಗ್ಗೆ ಹತ್ತಕ್ಕೆ ದೈವಸ್ಥಾನದಲ್ಲಿ ಎಲ್ಲರೆದುರು ಚೆನ್ನಪ್ಪ ತಪ್ಪುಕಾಣಿಕೆ ಹಾಕಿ ಕೈಮುಗಿಯಬೇಕು. ಬಾರದಿದ್ದರೆ ಸೊಸೈಟಿಗೆ ಯಾರೂ ಹಾಲು ಕೊಡುವುದಿಲ್ಲ. ಮಾಟಗಾರ ಅಳೆದ ಹಾಲು ಯಾರಿಗೆ ಬೇಕು? ಹತ್ತು ಗಂಟೆ ಬೇಡ, ಸಂಜೆಗಾದರೆ ಬರುತ್ತೇನೆ ಎಂದು ಅವನು ಗೋಗರೆದ. ಪೂಜೆಯವರಿಗೆ ಹೇಳಿಯಾಗಿದೆ ಎಂದ ಕಿಟ್ಟಣ್ಣ. ಹೋಗಿ ಕೈಮುಗಿದು ಬಂದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ವಾರಿಜಾ ಕೂಡ ಅವರ ಪಕ್ಷವೇ ಹಿಡಿದಳು. ಪರೀಕ್ಷೆಗೆ ಹೋದರೆ ಇದ್ದ ಕೆಲಸ ಹೋಗುತ್ತದೆ, ಹೋಗದಿದ್ದರೆ ಕೆಲಸ ಕಾಯಂ ಆಗುವುದಿಲ್ಲ. ಚೆನ್ನಪ್ಪನಿಗೆ ಅಳುವಷ್ಟು ತ್ರಾಣವೂ ಉಳಿದಿರಲಿಲ್ಲ. ಆಗಲಿ ಎಂದು ತಲೆಯಾಡಿಸಿದ.

ಸಂಜೆ ಅವನು ಜಗಲಿಯಲ್ಲಿ ಕೂತಿದ್ದಾಗ ಕಿಟ್ಟಣ್ಣ ಹಿತ್ತಲ ದಾರಿಯಿಂದ ಬಂದ. ಬೆಳಗಿನ ಗತ್ತು ಇರಲಿಲ್ಲ. ಹತ್ತಿರ ಕೂತು ದನಿ ತಗ್ಗಿಸಿದ.

"ನಾಳೆ ದೈವಸ್ಥಾನಕ್ಕೆ ನನಗೆ ಬರ್ಲಿಕ್ಕೆ ಆಗುದಿಲ್ಲ. ಯಾರಿಗೂ ಹೇಳಬೇಡ, ನನಗೆ ಮಂಜೇಶ್ವರದಲ್ಲಿ ತುಲ್ಯತಾ ಪರೀಕ್ಷೆ ಉಂಟು. ಕೆಮಿಸ್ಟ್ರಿ. ಮನೆಗೆ ಟೀಚರ್ ಸೊಸೆ ಬಂದಿದ್ದಾಳೆ, ಹತ್ತನೇ ಆಗ್ಲಿಲ್ಲ ಅಂತ ಗೊತ್ತಾದರೆ ನನ್ನ ಮರ್ಯಾದೆ ಎಂತ ಉಳಿತದೆ?"

ಚೆನ್ನಪ್ಪನ ಬಾಯಿ ತೆರೆದುಕೊಂಡಿತು. ಬಾಗಿಲ ಹಿಂದೆ ವಾರಿಜಾಳ ಬಳೆಯ ಸದ್ದಾಯಿತು. ಬಾಯಿ ಮುಚ್ಚಿಕೊಂಡಿತು.

"ನೀನು ಒಂದೇ ಸಲಕ್ಕೆ ಪಾಸಾದವ, ನಿನಗೆ ಈ ಸಂಕಟ ಅರ್ಥ ಆಗ್ಲಿಕ್ಕಿಲ್ಲ," ಎಂದ ಕಿಟ್ಟಣ್ಣ. "ಆ ಕೆಂಪು ಯಾಕೆ ಹಳದಿ ಆದ್ದು ಅಂತ ಒಮ್ಮೆ ಹೇಳಿಕೊಡು. ಅದು ಬರ್ತದಂತೆ."

ಬೆಳಿಗ್ಗೆ ಅದು ಮಾಟವಾಗಿತ್ತಲ್ಲ ಎಂದು ಕೇಳುವಷ್ಟು ಉಮೇದು ಚೆನ್ನಪ್ಪನಲ್ಲಿ ಇರಲಿಲ್ಲ. ಸುಣ್ಣ ಪ್ರತ್ಯಾಮ್ಲ, ಲಿಂಬೆ ಆಮ್ಲ, ಅರಸಿನ ಸೂಚಕ ಎಂದು ಶುರುಮಾಡಿದ. ಹೇಳುತ್ತ ಹೇಳುತ್ತ ಇಡೀ ಪಾಠ ಅವನಿಗೇ ಮೊದಲ ಸಲ ಸರಿಯಾಗಿ ಅರ್ಥವಾಯಿತು. ಕಿಟ್ಟಣ್ಣ ಅವನ ಎರಡೂ ಕೈ ಹಿಡಿದು, ನಾಳೆ ಹತ್ತಕ್ಕೆ ತಪ್ಪದೆ ದೈವಸ್ಥಾನಕ್ಕೆ ಹೋಗಬೇಕೆಂದು ನೆನಪಿಸಿ, ಬಂದ ದಾರಿಯಲ್ಲೇ ಹೋದ.

ವಾರಿಜಾ ಚಾ ತಂದಿಟ್ಟು ಗಂಡನನ್ನು ಹೆಮ್ಮೆಯಿಂದ ನೋಡಿದಳು.

"ಎಷ್ಟು ಚೆಂದ ಹೇಳಿಕೊಡ್ತೀರಿ! ಹತ್ತನೇ ಪಾಸಾದ ಮೇಲೆ ನೀವು ಶಾಲೆ ಬಿಡಬಾರದಿತ್ತು."