ಹೆಂಡತಿಯ ಹಗಲು ನಿದ್ದೆಗೆ ನಾನು ಕಾವಲು ಕೂತದ್ದು

ನನ್ನ ಹೆಂಡತಿಗೆ ನಿದ್ದೆ ಮಾಡಿಸಿಯೇ ತೀರುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಒಂದು ಗುರುವಾರ ಬೆಳಿಗ್ಗೆ, ಕೈಯಲ್ಲಿ ಪಾತ್ರೆ ತಿಕ್ಕುವ ನಾರು ಹಿಡಿದುಕೊಂಡು. ಭೀಷ್ಮನ ಕೈಯಲ್ಲಿ ನಾರು ಇರಲಿಲ್ಲ, ಅಷ್ಟೇ ವ್ಯತ್ಯಾಸ!

ನನ್ನ ಹೆಂಡತಿ ಬೋಮಿ ನಮ್ಮ ಕೊರಿಯಾದ ಚಾಂಗ್ವನ್‌ನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ಆಮೇಲೆ ಸಾಲಾಗಿ ರಾತ್ರಿ ಪಾಳಿ. ಸೂರ್ಯನಿಗಾದರೂ ಹುಟ್ಟುವ ಮುಳುಗುವ ಹೊತ್ತು ಗೊತ್ತು, ಅವಳಿಗೆ ಅದೂ ಇಲ್ಲ. ನಾನು ಸಂಜೆ ಹೊತ್ತು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವವನು, ಹಗಲೆಲ್ಲ ಮನೆಯಲ್ಲೇ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂಬುದು ನನ್ನ ಖಾಸಗಿ ಅಭಿಪ್ರಾಯ.

ಆ ದಿನ ರಾತ್ರಿ ಪಾಳಿ ಮುಗಿಸಿ ಬಂದವಳು ಕೈಚೀಲವನ್ನು ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕಿದಳು.

"ಬೋಮೀ, ಅದು ಫ್ರಿಜ್ಜು!"

"ಗೊತ್ತು ರೀ," ಎಂದು ಕುರ್ಚಿಯ ಮೇಲೆ ಕುಸಿದಳು. "ಈ ವಾರ ಒಂದು ಹಗಲೂ ಸರಿಯಾಗಿ ಮಲಗಿಲ್ಲ ನಾನು. ನಿನ್ನೆ ಒಬ್ಬ ತಾತನಿಗೆ ಪಕ್ಕದ ಹಾಸಿಗೆಯವರ ಮಾತ್ರೆ ಕೊಡೋಕೆ ಹೋಗಿದ್ದೆ. ಪುಣ್ಯಕ್ಕೆ ಹೆಸರು ಕೇಳ್ದೆ. ಕೇಳ್ದೇ ಇದ್ದಿದ್ರೆ?"

ಅವಳ ದನಿ ನಡುಗುತ್ತಿತ್ತು. ನಿಜ ಹೇಳುತ್ತೇನೆ, ನನಗೂ ಭಯವಾಯಿತು.

"ಇವತ್ತೂ ನಿದ್ದೆ ಆಗ್ಲಿಲ್ಲ ಅಂದ್ರೆ, ರಾತ್ರಿ ಪಾಳಿ ಇದ್ದಾಗೆಲ್ಲ ಆಸ್ಪತ್ರೆ ಹಾಸ್ಟೆಲಿನಲ್ಲೇ ಮಲಗ್ತೀನಿ. ರೂಮ್ ಕೊಡ್ತೀವಿ ಅಂದಿದ್ದಾರೆ."

"ಹಾಸ್ಟೆಲ್ಲಾ! ಗಂಡ ಅಂತ ನಾನೊಬ್ಬ ಇಲ್ವಾ ಮನೇಲಿ?"

"ಇದ್ದೀರಲ್ಲ, ಅದಕ್ಕೇ ಯೋಚನೆ."

ಹಾಗೆಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪ್ರತಿಜ್ಞೆ ಆದದ್ದು ಆಗಲೇ.

ಕಿಟಕಿಗೆ ಹಿಂದಿನ ದಿನವೇ ಕಪ್ಪು ಬಟ್ಟೆ ಹೊಡೆದಿದ್ದೆ. ಫೋನುಗಳ ಬಾಯಿ ಮುಚ್ಚಿಸಿದ್ದೆ. ಉಳಿದದ್ದು ನೆರೆಹೊರೆ. ಮೇಲ್ಮನೆಯ ಅಜ್ಜಿ ಬೆಳ್ಳುಳ್ಳಿ ಕುಟ್ಟಲು ಕೂತರೆ ನಮ್ಮ ತಲೆಯ ಮೇಲೆ ಗಿರಣಿ ಶುರುವಾದಂತೆ. ಕೆಳಮನೆಯವರ ವಾಷಿಂಗ್ ಮಷೀನು ಕುಣಿದರೆ ನಮ್ಮ ಮಂಚವೂ ಕುಣಿಯುತ್ತದೆ. ಜಗಳವಾಡಿ ಗೆಲ್ಲುವವರು ದಡ್ಡರು, ನಾನು ಜಾಣ! ಅಂಗಡಿಯಿಂದ ತೊಕ್ ಎಂಬ ಬಿಸಿ ಬಿಸಿ ಅಕ್ಕಿ ಕಡುಬು ತಂದು, ನಮ್ಮ ಮನೆಯ ಒಳ್ಳೆಯ ತಟ್ಟೆಗಳಲ್ಲಿ ಜೋಡಿಸಿ, ಮೇಲೆ, ಕೆಳಗೆ, ಪಕ್ಕಕ್ಕೆ ಹಂಚಿ ಬಂದೆ.

"ಹೆಂಡ್ತಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದಾಳೆ ಅಜ್ಜಿ, ಇವತ್ತೊಂದು ದಿನ ಸ್ವಲ್ಪ..."

"ಅಯ್ಯೋ ಪಾಪ! ಮೊದಲೇ ಹೇಳಬಾರ್ದಾ? ಇವತ್ತು ಉಸಿರೂ ಮೆಲ್ಲಗೆ ಬಿಡ್ತೀನಿ, ಹೋಗಪ್ಪ!"

ಮನೆಗೆ ಬಂದು ಕೋಣೆಯ ಬಾಗಿಲನ್ನು ಒಂದಿಷ್ಟೇ ತೆರೆದು ಇಣುಕಿದೆ. "ಬೋಮೀ, ನಿದ್ದೆ ಬಂತಾ?"

"ಬರ್ತಾ ಇತ್ತು," ಎಂದಿತು ಕತ್ತಲೆ.

ಕಟ್ಟಡವೆಲ್ಲ ನಿಶ್ಶಬ್ದ. ನಾನು ಸೋಫಾದಲ್ಲಿ ವಿಜಯಿ ಸೇನಾಪತಿಯಂತೆ ಕಾಲು ಚಾಚಿದೆ. ಆದರೆ ಒಂದು ವಿಷಯ ಮರೆತಿದ್ದೆ. ನಮ್ಮವರು ಪ್ರಾಣ ಬೇಕಾದರೂ ಬಿಟ್ಟಾರು, ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಲಾರರು!

ಟಿಂಗ್ ಟಾಂಗ್! ಬಾಗಿಲಲ್ಲಿ ಅಜ್ಜಿ, ಕೈಯಲ್ಲಿ ನಮ್ಮ ತಟ್ಟೆ, ಜೊತೆಗೊಂದು ಡಬ್ಬಿ ತುಂಬ ಕಿಮ್ಚಿ, ಅಂದರೆ ಮೂಲಂಗಿಯ ಖಾರದ ಉಪ್ಪಿನಕಾಯಿ. ಅಜ್ಜಿಗೆ ಕಿವಿ ಮಂದ. ಹಾಗಾಗಿ ಗುಟ್ಟು ಹೇಳಿದರೂ ಮೂರು ಮಹಡಿಗೆ ಕೇಳಿಸುತ್ತದೆ.

"ಮಲಗಿದ್ದಾಳಾ ಮಗು? ನಾನು ಬೆಳ್ಳುಳ್ಳೀನ ಕುಟ್ಟದೆ ಚಾಕುವಿನಲ್ಲೇ ಹೆಚ್ಚಿದೆ!"

"ಶ್, ಮಲಗಿದ್ದಾಳೆ ಅಜ್ಜಿ!"

"ಏನಂದೆ?"

"ಮಲಗಿದ್ದಾಳೇ!" ಎಂದು ನಾನೇ ಕೂಗಿಬಿಟ್ಟೆ.

ಇನ್ನೊಂದು ಎಡವಟ್ಟು ಅಲ್ಲಿಯೇ ಆಯಿತು. ಕಿಮ್ಚಿಯನ್ನು ಬೇರೆ ಪಾತ್ರೆಗೆ ಸುರಿದುಕೊಂಡು ಡಬ್ಬಿ ಕೊಡಬೇಕಲ್ಲ, ಬರಿದಾಗಿ ಹೇಗೆ ಕೊಡಲಿ? ಕೈ ತಾನಾಗಿಯೇ ಹೋಗಿ ಅದರಲ್ಲಿ ಸೇಬು ತುಂಬಿಸಿಬಿಟ್ಟಿತು. ಸೇಬು ಪಡೆದ ಅಜ್ಜಿ ಸುಮ್ಮನಿರುವ ಪೈಕಿಯೇ? ಇನ್ನೊಂದು ಗಳಿಗೆಗೆ ಸಿಹಿಗೆಣಸು ಬಂತು. ಅಷ್ಟರಲ್ಲಿ ಕೆಳಮನೆಯವರಿಂದ ಕುಂಬಳಕಾಯಿ ಗಂಜಿ. "ಬಿಸಿ ಇರೋವಾಗ್ಲೇ ಎಬ್ಬಿಸಿ ಕುಡಿಸಿ, ಒಳ್ಳೆ ನಿದ್ದೆ ಬರುತ್ತೆ!" ಕರೆಗಂಟೆಗೆ ಹತ್ತಿ ತುರುಕಿ ಟೇಪು ಸುತ್ತಿದೆ. ಪಕ್ಕದ ಮನೆಯವರು ಬಾಗಿಲು ಬಡಿದರು. ಒಬ್ಬೊಬ್ಬರು ಹೋದ ಮೇಲೂ ನಾನು ಕೋಣೆಗೆ ಇಣುಕುತ್ತಿದ್ದೆ.

"ಎಚ್ಚರ ಆಗಿಲ್ಲ ತಾನೇ?"

"ಈಗ ಆಯ್ತು."

ಇನ್ನು ಸರಕಾರದ ಮೊರೆ ಹೋಗುವುದೇ ಸರಿ ಎಂದು ಅಪಾರ್ಟ್‌ಮೆಂಟಿನ ಆಡಳಿತ ಕಚೇರಿಗೆ ಓಡಿದೆ. ಅಲ್ಲಿನ ಮುಖ್ಯಸ್ಥ ನಮ್‌ಗುಂಗ್ ಅವರು ಸೈನ್ಯದಿಂದ ನಿವೃತ್ತರಾದವರು. ಅಹವಾಲು ಕೇಳಿ ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಏನು ಪ್ಯೋ ಅವ್ರೇ, ರೋಗಿಗಳನ್ನ ನೋಡ್ಕೊಳ್ಳೋ ಹೆಣ್ಣುಮಗಳಿಗೆ ನಮ್ಮ ಕಟ್ಟಡದಲ್ಲಿ ನಿದ್ದೆ ಇಲ್ವಾ? ನಾಚಿಕೆಗೇಡು! ಮನೆಗೆ ಹೋಗಿ, ಮಿಕ್ಕಿದ್ದು ನನಗೆ ಬಿಡಿ."

ಹಗುರವಾದ ಮನಸ್ಸಿನಿಂದ ಮನೆಗೆ ಬಂದೆ. ಚಪ್ಪಲಿ ಕಳಚುತ್ತಿದ್ದೆ, ಅಷ್ಟೇ. ನಮ್ಮಲ್ಲಿ ಪ್ರತಿ ಮನೆಯ ಚಾವಣಿಯಲ್ಲೂ ಕಚೇರಿಯ ಒಂದು ಸ್ಪೀಕರ್ ಇದೆ. ನೀರು ನಿಲ್ಲುವುದು, ಲಿಫ್ಟು ಕೆಡುವುದು ಎಲ್ಲ ಅದರಲ್ಲೇ ಗೊತ್ತಾಗುವುದು. ಅದನ್ನು ಆರಿಸುವ ಸ್ವಿಚ್ಚನ್ನು ಬ್ರಹ್ಮನೂ ಸೃಷ್ಟಿಸಿಲ್ಲ.

"ನಿವಾಸಿಗಳೇ, ಗಮನಿಸಿ!" ಎಂದು ಗುಡುಗಿತು ಚಾವಣಿ. "ಮೂರನೇ ಕಟ್ಟಡದ ಏಳನೇ ಮಹಡಿಯ ನರ್ಸ್ ಅಮ್ಮನವರು ರಾತ್ರಿಯಿಡೀ ಸೇವೆ ಸಲ್ಲಿಸಿ ಈಗ ನಿದ್ರಿಸುತ್ತಿದ್ದಾರೆ. ಯಾರೂ ಅವರ ಮನೆ ಬಾಗಿಲು ತಟ್ಟಬಾರದು, ಸದ್ದು ಮಾಡಬಾರದು. ಮತ್ತೊಮ್ಮೆ ಹೇಳುತ್ತೇನೆ. ನಿವಾಸಿಗಳೇ, ಗಮನಿಸಿ!"

ಕೋಣೆಯ ಬಾಗಿಲು ತೆರೆಯಿತು. ಬೋಮಿ. ಮೈಮೇಲೆ ಕೋಟು, ಕಂಕುಳಲ್ಲಿ ದಿಂಬು.

"ಬೋಮೀ, ಇನ್ಮೇಲೆ ಎಲ್ಲರೂ ಸುಮ್ಮನಿರ್ತಾರೆ, ಮಲಗು."

"ಹೌದು ರೀ. ಊರೆಲ್ಲ ಸುಮ್ಮನಾಯ್ತು. ನೀವೊಬ್ರು ಬಾಕಿ."

ಹೊರಟೇಹೋದಳು! ಹಾಸ್ಟೆಲಿಗೆ ಫೋನು ಮಾಡಿದರೆ ಅಲ್ಲಿಗೆ ಬಂದಿಲ್ಲ. ಅವಳ ಫೋನನ್ನು ಬೆಳಿಗ್ಗೆ ನಾನೇ ಆರಿಸಿಟ್ಟಿದ್ದೆ. ಬಸ್ ನಿಲ್ದಾಣ, ಪಾರ್ಕು ಎಲ್ಲ ಸುತ್ತಿದೆ. ನಿದ್ದೆಗೆಟ್ಟ ಆ ಕಣ್ಣುಗಳನ್ನಿಟ್ಟುಕೊಂಡು ರಸ್ತೆ ಹೇಗೆ ದಾಟಿದಳೋ! ಮಧ್ಯಾಹ್ನ ಕಳೆದು ಸೋತು ಮರಳಿದಾಗ ಗೇಟಿನಲ್ಲಿ ಅಜ್ಜಿಯೇ ಹೇಳಿದಳು: "ನಿನ್ನ ಹೆಂಡ್ತೀನಾ? ಬೆಳಿಗ್ಗೇನೇ ಎದುರಿನ ಜಿಮ್‌ಜಿಲ್‌ಬಾಂಗಿಗೆ ಹೋದ್ಲಲ್ಲ!"

ಜಿಮ್‌ಜಿಲ್‌ಬಾಂಗ್ ಎಂದರೆ ಬಿಸಿನೀರಿನ ಸ್ನಾನ ಮಾಡಿ, ಬಿಸಿ ನೆಲದ ದೊಡ್ಡ ಹಾಲಿನಲ್ಲಿ ಊರವರೆಲ್ಲ ಒಂದೇ ಬಣ್ಣದ ಬಟ್ಟೆ ತೊಟ್ಟು ಉರುಳಿಕೊಳ್ಳುವ ಜಾಗ. ಒಳಗೆ ಸಂತೆಯೇ ನೆರೆದಿತ್ತು! ಟಿವಿಯಲ್ಲಿ ಅತ್ತೆ ಸೊಸೆಗೆ ಬೈಯುತ್ತಿದ್ದಳು, ಮಕ್ಕಳು ಓಡುತ್ತಿದ್ದವು, ಗಂಡಸರು ಪೈಪೋಟಿಗೆ ಬಿದ್ದು ಗೊರಕೆ ಹೊಡೆಯುತ್ತಿದ್ದರು. ನಟ್ಟನಡುವೆ, ಬಾಯಿ ತೆರೆದು, ಕೈಕಾಲು ಚೆಲ್ಲಿ, ನನ್ನ ಬೋಮಿ ಕುಂಭಕರ್ಣನ ತಂಗಿಯಂತೆ ಮಲಗಿದ್ದಳು. ಎಷ್ಟು ದಿನವಾಗಿತ್ತು ಅವಳ ಮುಖ ಹೀಗೆ ಸಡಿಲವಾಗಿ ನೋಡಿ! ನನ್ನ ಕಣ್ಣು ತುಂಬಿಬಂತು. ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕಾವಲು ಕೂತೆ.

ಆಗ ಎದುರಿನ ಹೆಂಗಸೊಬ್ಬಳು ಬೇಯಿಸಿದ ಮೊಟ್ಟೆಯನ್ನು ತನ್ನ ಗಂಡನ ತಲೆಗೆ ಟಕ್ ಎಂದು ಕುಟ್ಟಿ ಒಡೆದಳು.

"ಶ್ಶ್ಶ್!" ಎಂದೆ ನಾನು.

ಹಾಲಿಗೆ ಹಾಲೇ ತಿರುಗಿ ನೋಡಿತು. ಒಂದು ಮಗು ಹೆದರಿ ಅತ್ತಿತು. ಬೋಮಿ ಕಣ್ಣು ಬಿಟ್ಟಳು.

"ನೀವಾ," ಎಂದಳು.

"ಬೋಮೀ, ಇಷ್ಟು ಗಲಾಟೇಲಿ ಅದು ಹೇಗೆ ನಿದ್ದೆ ಬಂತು?"

"ಇಲ್ಲಿ ಯಾರೂ 'ನಿದ್ದೆ ಬಂತಾ' ಅಂತ ಕೇಳ್ಲಿಲ್ಲ ರೀ."

ತಲೆ ತಗ್ಗಿಸಿದೆ. "ಹಾಗಾದ್ರೆ ಹಾಸ್ಟೆಲಿಗೇ ಹೋಗ್ತೀಯಾ?"

ಅವಳು ಹೊರಳಿ, ದಿಂಬು ಸರಿಮಾಡಿಕೊಂಡು, ಮೊದಲ ಬಾರಿ ನಕ್ಕಳು. "ಇಲ್ಲ. ಮನೇಲೇ ಮಲಗ್ತೀನಿ. ಇವತ್ತು ಆಗ್ಬೇಕಾದಷ್ಟು ನಿದ್ದೆ ಆಗಿದೆ, ರಾತ್ರಿ ಡ್ಯೂಟಿ ಮಾಡ್ಬಲ್ಲೆ. ನಾಳೆ ಒಂದು ವ್ಯವಸ್ಥೆ ಮಾಡೋಣ."

ವ್ಯವಸ್ಥೆ ಆಗಿದೆ. ಅವಳಿಗೆ ರಾತ್ರಿ ಪಾಳಿ ಇರುವಾಗ ನಾನು ಹಗಲೆಲ್ಲ ಒಬ್ಬನೇ ಜಿಮ್‌ಜಿಲ್‌ಬಾಂಗಿನ ಇದೇ ಬಿಸಿ ನೆಲದ ಮೇಲೆ ಕೂತು, ಬೆವರುತ್ತ, ಮಕ್ಕಳ ಲೆಕ್ಕ ತಿದ್ದುತ್ತೇನೆ. ಬೋಮಿಯ ಕೆನ್ನೆಗೆ ಬಣ್ಣ ಬಂದಿದೆ. ಮೊನ್ನೆ ಲಿಫ್ಟಿನಲ್ಲಿ ಅಜ್ಜಿ ನಮ್ಮಿಬ್ಬರನ್ನೂ ಹಿಡಿದು ನಿಲ್ಲಿಸಿದಳು.

"ಈಗ ನಿದ್ದೆ ಬರ್ತಿದೆಯಾ ಮಗಳೇ? ನನ್ನ ಒರಳಿನ ಸದ್ದು ಕೇಳಿಸ್ತಿಲ್ಲ ತಾನೇ?"

"ದಿನಾ ಕೇಳಿಸುತ್ತೆ ಅಜ್ಜಿ, ಜೋರಾಗೇ ಕುಟ್ಟಿ!" ಎಂದು ಬೋಮಿ ಅವಳ ಕಿವಿಯ ಬಳಿ ಕೂಗಿ ಹೇಳಿದಳು. "ಗಲಾಟೆ ಮಾಡ್ತಿದ್ದವರನ್ನ ಮನೆಯಿಂದ ಹೊರಗೆ ಹಾಕಿದ್ದೀನಿ!"