ಮುಂದಿನ ವರ್ಷ ಸರಿಹೋಗುವ ಫುಟ್‌ಬಾಲ್ ಟೀಮು

ತಮಿಳುನಾಡಿನ ಹರೂರಿನ ನಮ್ಮ ಕಾಲೇಜು ಫುಟ್‌ಬಾಲ್ ಟೀಮು ಯಾಕೆ ಸೋತಿತು ಅಂತ ಆಡಿದ ಹುಡುಗರನ್ನು ಕೇಳಿದರೆ ಒಬ್ಬೊಬ್ಬ ಒಂದೊಂದು ಕಾರಣ ಹೇಳಿಯಾನು. ನನ್ನನ್ನು ಕೇಳಿದರೆ ಕಾರಣ ಒಂದೇ: ನನ್ನ ಸೋದರಮಾವ! ಚೆಂಡಿಗೆ ಒಂದು ಸಲವೂ ಕಾಲು ತಾಗಿಸದೆ ಇಡೀ ಟೀಮನ್ನು ಸೋಲಿಸುವುದು ಎಲ್ಲರ ಕೈಲಾಗುವ ಕೆಲಸವೇ, ನೀವೇ ಹೇಳಿ?

ಮಾವ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವರು. ಹರೂರು–ಸೇಲಂ ರೂಟು. ಊರು ದಾಟುತ್ತಲೇ ಕಾಲೇಜು ಸ್ಟಾಪು, ಪಕ್ಕದಲ್ಲೇ ಮೈದಾನ. ಸಂಜೆ ಟ್ರಿಪ್ಪಿನಲ್ಲಿ ಹುಡುಗರು ಹತ್ತುವಷ್ಟು ಹೊತ್ತು ಮಾವ ಮೆಟ್ಟಿಲ ಮೇಲೆ ನಿಂತು ಆಟ ನೋಡುವರು. ಯಾವನೋ ಚೆಂಡು ತಳ್ಳಿಕೊಂಡು ಗೋಲಿನ ಕಡೆ ಓಡುತ್ತಿರುತ್ತಾನೆ, ಅಷ್ಟರಲ್ಲಿ ಹತ್ತುವವರೆಲ್ಲ ಹತ್ತಿ ಆಗಿರುತ್ತದೆ. ಮಾವ ತಾವೇ ಡಬಲ್ ವಿಸಿಲ್ ಊದಿ ಬಸ್ಸು ಬಿಡಿಸಬೇಕು! ಹೀಗೆ ಸರ್ವಿಸು ಪೂರ್ತಿ ಫುಟ್‌ಬಾಲ್ ನೋಡಿಯೂ ಒಂದೇ ಒಂದು ಗೋಲು ಬಿದ್ದದ್ದನ್ನು ಕಂಡವರಲ್ಲ.

ರಿಟೈರಾದ ಮೇಲೆ ಗೋಲುಗಳನ್ನು ಬೇಕಾದಷ್ಟು ಕಂಡರು. ಎಲ್ಲವೂ ಎದುರಿನವರದ್ದು!

ದಿನಾ ಸಂಜೆ ಗೋಲ್ ಕಂಬದ ಹಿಂದಿನ ಕಲ್ಲಿನ ಮೇಲೆ ಮಾವ ಹಾಜರು. ಕೊರಳಲ್ಲಿ ಅದೇ ಹಳೇ ವಿಸಿಲ್ಲು. ಪ್ರತಿ ಸೋಲಿನ ಮೇಲೂ ಅವರದೊಂದು ತೀರ್ಪು ಇರಲೇಬೇಕು. ಅದು ಯಾವಾಗಲೂ "ಮುಂದಿನ ವರ್ಸ" ಅಂತಲೇ ಶುರು. ಆದರೆ ಈ ಸಲ ಪ್ರಿನ್ಸಿಪಾಲರು ಖಂಡಿತವಾಗಿ ಹೇಳಿಬಿಟ್ಟಿದ್ದರು: ಈ ವರ್ಷ ಒಂದಾದರೂ ಮ್ಯಾಚು ಗೆಲ್ಲದಿದ್ದರೆ ಟೀಮನ್ನೇ ಎತ್ತಿಬಿಡುತ್ತೇವೆ. ಕೇಳಿದ ದಿನ ಮಾವನಿಗೆ ಊಟ ಸೇರಲಿಲ್ಲ. ಮರುದಿನವೇ ಟೀಮು ಉದ್ಧಾರ ಮಾಡಲು ಹೊರಟರು.

ಮೊದಲು ಹೊಟ್ಟೆಯಿಂದ ಶುರು. "ಪರೋಟ ತಿಂದ್ರೆ ಓಡಕ್ಕಾಯ್ತದೇನ್ಲಾ? ರಾಗಿ ಮುದ್ದೆ ತಿನ್ನಿ!" ಅಂತ ಮ್ಯಾಚಿನ ದಿನ ಅತ್ತೆಯ ಕೈಲಿ ಮುದ್ದೆ ಕಟ್ಟಿಸಿ, ಅವರೇಕಾಳು ಸಾರಿನ ಸಮೇತ ಮೈದಾನಕ್ಕೇ ಹೊತ್ತು ತಂದರು. ಅತ್ತೆಯ ಸಾರಿನ ರುಚಿ ಗೊತ್ತಲ್ಲ? ಹುಡುಗರು ಬೇಡವೆನ್ನದೆ ತಿಂದರು. ಆಟ ಶುರುವಾದಾಗ ನಮ್ಮವರು ಓಡುತ್ತಿದ್ದಾರೋ ಮದುವೆ ಊಟ ಮುಗಿಸಿ ಎಲೆ ಅಡಿಕೆ ಹುಡುಕುತ್ತಿದ್ದಾರೋ ತಿಳಿಯದಂತಿತ್ತು! ಗೋಲು ಕಾಯುವ ಗೋಲಿ ಕಂಬಕ್ಕೆ ಒರಗಿ ತೇಗಿದ. ಸೋತದ್ದಕ್ಕೆ ಮಾವ ಅಂದದ್ದಿಷ್ಟು: "ಮುಂದಿನ ವರ್ಸ ಮುದ್ದೆನ ಒಸಿ ಸಣ್ಣಕ್ಕೆ ಕಟ್ಟಬೇಕು."

ಆಮೇಲಿನದು ವಿಸಿಲ್ಲಿನ ಕಥೆ. ಅವತ್ತು ನಮ್ಮವರು, ಯಾವ ಪುಣ್ಯವೋ, ಕೊನೆಯವರೆಗೂ ಸಮಸಮ ನಿಂತಿದ್ದರು. ಎದುರಿನವನೊಬ್ಬ ಚೆಂಡು ತಳ್ಳಿಕೊಂಡು ನುಗ್ಗಿ ಬಂದ. ಮಾವನಿಗೆ ತಡೆಯಲಾಗಲಿಲ್ಲ. ಜನ ಇಳಿಯುವ ಮುಂಚೆ ಬಸ್ಸು ಹೊರಟರೆ ಊದುತ್ತಿದ್ದರಲ್ಲ, ಹಾಗೆ ಉಸಿರು ಕಟ್ಟಿ ಊದಿದರು, ಪೀ‌‌‌——! ಕಂಡಕ್ಟರ ಭಾಷೆಯಲ್ಲಿ ಒಂದು ವಿಸಿಲ್ ಅಂದರೆ ನಿಲ್ಲು. ಬಂದವನು ನಿಲ್ಲಲಿಲ್ಲ. ದಿನಾ ಬಸ್ಸಲ್ಲಿ ಓಡಾಡುವ ನಮ್ಮ ಹುಡುಗರು ನಿಂತರು, ಅಷ್ಟೂ ಜನ! ಚೆಂಡು ಆರಾಮಾಗಿ ಗೋಲೊಳಗೆ ಹೋಯಿತು.

"ಎನ್ನ ಅಣ್ಣೇ ಇದು?" ಏನಣ್ಣಾ ಇದು ಅಂತ ಪಿ.ಟಿ. ಮಾಸ್ಟರು ತಲೆ ಮೇಲೆ ಕೈ ಹೊತ್ತರು.

ಮಾವ ಅಲುಗಲಿಲ್ಲ. "ಮುಂದಿನ ವರ್ಸ ಯಾವುದು ರೆಫ್ರಿ ವಿಸಿಲ್ಲು, ಯಾವುದು ಬಸ್ ವಿಸಿಲ್ಲು ಅಂತ ಉಡುಗ್ರಿಗೆ ಕಲಿಸ್ಬೇಕು ಸಾರ್!"

ಉಳಿದದ್ದು ಕಡೇ ಮ್ಯಾಚು. ಮೆಟ್ಟೂರು ಕಡೆಯ ಕಾಲೇಜಿನ ಮೇಲೆ. ಮಾವ ತಮ್ಮ ಬ್ರಹ್ಮಾಸ್ತ್ರ ತೆಗೆದರು. ನಮ್ಮ ಹುಡುಗರಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ಅಜ್ಜಿ ಜೊತೆ ಕನ್ನಡ, ಹೊಸಿಲು ದಾಟಿದರೆ ತಮಿಳು.

"ನೀವು ತಮಿಳ್ನಾಗೆ ಕೂಗಿದ್ರೆ ಅವ್ರಿಗೆ ತಿಳೀದೆ ಇರ್ತದೇನ್ರೋ? ನಮ್ ಮಾತ್ನಾಗೆ ಕೂಗಿ. ಒಬ್ಬನ್ಗೂ ಗೊತ್ತಾಗಕ್ಕಿಲ್ಲ!"

"ಐಯೋ ತಾತಾ, ಅಸಿಂಗಮಾ ಇರುಕ್ಕುಂ," ಅಂದ ಗೋಲಿ, ನಾಚಿಕೆಯಾಗುತ್ತೆ ಅಂತ.

"ಸೋಲಕ್ಕೆ ನಾಚ್ಕೆ ಇಲ್ಲ, ಕೂಗಕ್ಕೆ ನಾಚ್ಕೆನಾ?"

ವಾರ ಪೂರ್ತಿ ಅಭ್ಯಾಸವಾಯಿತು. ಮೈದಾನದ ತುಂಬಾ "ಎಡಕ್ಕಾಕ್ಲಾ!" "ಇಂದಕ್ಕೆ ಕೊಡ್ಲೇ!" ಕೇಳುತ್ತಾ ಮಾವ ಕಲ್ಲಿನ ಮೇಲೆ ಮದುಮಗನಂತೆ ಕೂತಿದ್ದರು.

ಮ್ಯಾಚಿನ ದಿನ ವಿಚಿತ್ರ ನೋಡಿ. ನಮ್ಮವನು ಎಡಕ್ಕೆ ಅಂದರೆ ಎದುರಿನವನು ಮುಂಚೆಯೇ ಎಡಕ್ಕೆ ಹೋಗಿ ನಿಂತಿರುತ್ತಾನೆ! ಹಿಂದಕ್ಕೆ ಅಂದರೆ ಅಲ್ಲೂ ಒಬ್ಬ! ಅರ್ಧ ಆಟ ಮುಗಿದಾಗ ಅವರ ಕ್ಯಾಪ್ಟನ್ನು ನೀರು ಕುಡಿಯಲು ಬಂದವನು ಮಾವನ ಹತ್ತಿರ ಹಲ್ಲು ಕಿರಿದ.

"ಯಾವೂರು ತಾತ ನಿಮ್ದು? ನಮ್ದು ಪಾಲಮಲೆ ಬೆಟ್ಟ. ನಮ್ ಟೀಮ್ನೋರೆಲ್ಲ ಬೆಟ್ಟದ ಕೆಳ್ಗಿನೋರು. ಮನೇಲಿ ನಮ್ಮವ್ವನೂ ಇಂಗೇ ಕೂಗೋದು!"

ಮೆಟ್ಟೂರು ಕಡೆ ಕನ್ನಡ ಆಡುವ ನಮ್ಮ ಜನ ಎಷ್ಟಿದ್ದಾರೆ ಅನ್ನೋದು, ಆ ಕಡೆಯಿಂದಲೇ ಹೆಣ್ಣು ತಂದ ಮಾವನಿಗೆ ಹೊಳೆಯಲಿಲ್ಲವಲ್ಲ! "ತಮಿಳಲ್ಲಿ ಕೂಗ್ರೋ!" ಅಂತ ಬಡಕೊಂಡರು. ಎಲ್ಲಿ? ವಾರವೆಲ್ಲ ತಿದ್ದಿದ ನಾಲಿಗೆ ಈಗ ಕನ್ನಡ ಬಿಟ್ಟು ಬೇರೆ ಹೊರಳಲೇ ಇಲ್ಲ.

ಸೋತರು. ಮಾವ ಎದ್ದು ಪಂಚೆ ಕೊಡವಿ ಮಾಸ್ಟರ ಹತ್ತಿರ ಹೋದರು. "ಮುಂದಿನ ವರ್ಸ ಇಂಗ್ಲೀಷ್ನಾಗೆ ಕೂಗ್ಸೋಣ ಸಾರ್."

ಮಾಸ್ಟರು ಬಯ್ಯಲಿಲ್ಲ. ನಗಲೂ ಇಲ್ಲ. "ಅಡುತ್ತ ವರುಷಂ ಟೀಮೇ ಇಲ್ಲೀಂಗ ಅಣ್ಣೇ," ಅಂದರು ಮೆಲ್ಲಗೆ. ಮುಂದಿನ ವರ್ಷ ಟೀಮೇ ಇಲ್ಲ. ಇಷ್ಟು ಹೊತ್ತೂ ಹೊಟ್ಟೆ ಹಿಡಿದು ನಗುತ್ತಿದ್ದ ನನಗೆ ಆಗ ಮಾವನ ಮುಖ ನೋಡಲಾಗಲಿಲ್ಲ.

ಮೊನ್ನೆ ಮಾವನನ್ನು ಸೇಲಂಗೆ ಕಣ್ಣಿನ ಡಾಕ್ಟರ ಹತ್ತಿರ ಕರಕೊಂಡು ಹೊರಟೆ. ಸಂಜೆ ಬಸ್ಸು. ಕಾಲೇಜು ಸ್ಟಾಪಿನಲ್ಲಿ ನಿಂತಿತು. ಮೈದಾನದಲ್ಲಿ ಟೀಮಿಲ್ಲದ ನಮ್ಮ ಹುಡುಗರು ನಾಲ್ಕೈದು ಜನ ಸುಮ್ಮನೆ ಚೆಂಡು ಒದೆಯುತ್ತಿದ್ದರು. "ಬಲಕ್ಕೆ ಕೊಡ್ಲಾ!" ಅನ್ನೋದು ಕಿಟಕಿಯವರೆಗೂ ಕೇಳಿತು. ಕಂಬದ ಹಿಂದಿನ ಕಲ್ಲು ಖಾಲಿ. ಒಬ್ಬ ಚೆಂಡು ತಳ್ಳಿಕೊಂಡು ಗೋಲಿನ ಕಡೆ ಓಡತೊಡಗಿದ. ಮಾವ ಸೀಟಿನಿಂದ ಅರ್ಧ ಎದ್ದರು. ಅಷ್ಟರಲ್ಲಿ ಹತ್ತುವವರು ಹತ್ತಿಯಾಗಿತ್ತು. ಎಳೇ ಕಂಡಕ್ಟರು ವಿಸಿಲ್ ಬಾಯಿಗಿಟ್ಟ.

"ಒಂಚೂರು ತಾಳಪ್ಪ" ಅನ್ನಲು ಬಾಯಿ ತೆರೆದೆ. ಮಾವ ನನ್ನ ಕೈ ಅದುಮಿದರು. "ಬ್ಯಾಡ ಮಗಳೇ. ಅವ್ನಿಗೆ ಟೈಮಾಯ್ತದೆ."

ಪೀ ಪೀ. ಬಸ್ಸು ಹೊರಟಿತು. ಮೈದಾನ ಹಿಂದೆ ಸರಿಯಿತು. ಗೋಲು ಬಿತ್ತೋ ಇಲ್ಲವೋ, ಇಬ್ಬರಿಗೂ ಕಾಣಲಿಲ್ಲ. ತಡೆಯಲಾರದೆ ನಾನೇ ಕೇಳಿದೆ, "ಮಾವ, ಮುಂದಿನ ವರ್ಷ ಏನು ಸರಿ ಮಾಡಬೇಕು?"

ಕಿಟಕಿಯ ಹೊರಗೇ ನೋಡುತ್ತಾ ಅಂದರು:

"ಬಸ್ಸು ಒಸಿ ಜಾಸ್ತಿ ಹೊತ್ತು ನಿಲ್ಬೇಕು ಕಣವ್ವ."