ಫೈನಲ್ ಮ್ಯಾಚಿಗೆ ಮೈಕು ಯಾರ ಕೈಗೆ ಎಂಬ ಬಗ್ಗೆ

(ಹೆಸರಿಡುವ ಕಡತ ಇನ್ನೂ ಸಹಿಯಾಗಿ ಬಾರದ) ಇಲಾಖೆ
ಕೇಬಲ್ ಆಫೀಸಿನ ಜಗಲಿ, ನಿಟ್ಟೂರು, ಗುಬ್ಬಿ ತಾಲ್ಲೂಕು

ಸಂಖ್ಯೆ: ಫುಟ್‌ಬಾ/ಮೈಕು/ಕಿತ್ತುಕೊಂಡದ್ದು/2000
ದಿನಾಂಕ: 1-7-2000, ಶನಿವಾರ

ಸುತ್ತೋಲೆ

ವಿಷಯ: ಯೂರೋಪಿನ ದೇಶಗಳು ತಮ್ಮತಮ್ಮಲ್ಲೇ ಆಡುತ್ತಿರುವ ಫುಟ್‌ಬಾಲ್ ಚಾಂಪಿಯನ್‌ಶಿಪ್ಪಿನ ಅಂತಿಮ ಪಂದ್ಯವನ್ನು (ಫ್ರಾನ್ಸ್ ವಿರುದ್ಧ ಇಟಲಿ) ನಿಟ್ಟೂರಿನಲ್ಲಿ ಕನ್ನಡದಲ್ಲಿ ಕೂಗಿ ಹೇಳುವ ಬಗ್ಗೆ.

ಉಲ್ಲೇಖ:
(1) ಗುರುವಾರ ಸಂಜೆ ಕೇಬಲ್ ಆಫೀಸಿನ ಮುಂದೆ, ನೆರೆದಿದ್ದ ಅಷ್ಟೂ ಜನರ ಎದುರಿಗೆ, ಈ ಇಲಾಖೆಯ ಕಾರ್ಯದರ್ಶಿ ಶ್ರೀ ಹನುಮಂತರಾಜು, ಬಿ.ಎ., ಇವರು ನುಡಿದ ಮಾತು: "ಲೇ ಶಿವಮೂರ್ತಿ, ಒಂಬತ್ತನೇ ಕ್ಲಾಸ್ ದಾಟಕ್ಕಾಗ್ದೆ ಪಂಚರ್ ಹಾಕ್ಕೊಂಡಿರೋನು ನೀನು. ಮೈಕ್ ಇಡ್ಲಾ ಕೆಳಗೆ. ಯೂರೋಪಿನೋರ ಮುಂದೆ ಊರಿನ ಮರ್ಯಾದೆ ತೆಗೀತಿದೀಯ."
(2) ಸದರಿ ಮಾತಿಗೆ ನೆರೆದವರಲ್ಲಿ ಕೆಲವರು ನಕ್ಕ ನಗು.
(3) ಶುಕ್ರವಾರ ಸಂಜೆಯ ಅನಾಹುತ.

ಪ್ರಸ್ತಾವನೆ:

ಯೂರೋಪಿನ ಮ್ಯಾಚುಗಳು ನಮ್ಮ ಕಡೆ ಜನ ಮಲಗಿದ ಮೇಲೆ ನಡೆಯುತ್ತವೆ. ಆ ಹೊತ್ತಿಗೆ ನಿಟ್ಟೂರಿನಲ್ಲಿ ಕರೆಂಟೂ ಮಲಗಿರುತ್ತದೆ. ಗುಬ್ಬಿ ತಾಲ್ಲೂಕು ಕೇಂದ್ರವಾದ್ದರಿಂದ ಅಲ್ಲಿಯ ಕರೆಂಟು ಸ್ವಲ್ಪ ತಡವಾಗಿ ಮಲಗುತ್ತದೆ. ಆದಕಾರಣ ಗುಬ್ಬಿಯಲ್ಲಿರುವ ಕೇಬಲ್ ಮಾಲೀಕರ ಬಾಮೈದನು ಮ್ಯಾಚನ್ನು ಕ್ಯಾಸೆಟ್ಟಿಗೆ ಇಳಿಸಿ ಬೆಳಗಿನ ಬಸ್ಸಿಗೆ ಕಳಿಸುವುದೂ, ಸಂಜೆ ಜಗಲಿಯ ಮೇಲೆ ಟಿ.ವಿ. ಇಟ್ಟು ಅದನ್ನು ಹಾಕುವುದೂ, ಇಂಗ್ಲಿಷ್ ಕಾಮೆಂಟ್ರಿ ಯಾರಿಗೂ ತಿಳಿಯದ್ದರಿಂದ ಟಿ.ವಿ.ಯ ಸದ್ದನ್ನು ಪೂರಾ ಅಡಗಿಸಿ, ಗಣಪತಿ ಕೂರಿಸುವಾಗಿನ ಮೈಕಿನಲ್ಲಿ ಒಬ್ಬರು ಕನ್ನಡದಲ್ಲಿ ಕೂಗಿ ಹೇಳುವುದೂ ಈ ಸಲದಿಂದ ರೂಢಿಗೆ ಬಂದಿರುತ್ತದೆ.

ಮೊದಲ ಮ್ಯಾಚಿನಿಂದಲೂ ಈ ಕೆಲಸವನ್ನು ಪಂಚರ್ ಅಂಗಡಿಯ ಶಿವಮೂರ್ತಿ ಮಾಡಿಕೊಂಡು ಬಂದಿರುತ್ತಾರೆ. ಆಟಗಾರರ ಹೆಸರು ಬಾಯಿಗೆ ಹೊರಳದ ಕಾರಣ ಸದರಿಯವರು ತಾವೇ ಹೆಸರಿಟ್ಟಿದ್ದು, ಜುಟ್ಟಿನವನು "ಹಾಗಲವಾಡಿ ಪೂಜಾರಿ" ಎಂದೂ, ಕೈ ಚಾಚಿ ನಿಂತು ಯಾರನ್ನೂ ಒಳಕ್ಕೆ ಬಿಡದ ಗೋಲ್‌ಕೀಪರು "ಕೊತ್ತಗೆರೆ ಬಸ್ಸಿನ ಕಂಡಕ್ಟರು" ಎಂದೂ ಕರೆಯಲ್ಪಟ್ಟಿರುತ್ತಾರೆ. ಇದರಿಂದ ಜನರಿಗೆ ಯೂರೋಪು ಚೆನ್ನಾಗಿ ಅರ್ಥವಾಗಿತ್ತು. ಕಡ್ಲೆಕಾಯಿ ಮಾರುವ ಕರಿಬಸಮ್ಮನವರು ವ್ಯಾಪಾರ ಬಿಟ್ಟು ಮುಂದಿನ ಸಾಲಿಗೆ ಬಂದು ಕೂತಿದ್ದರು.

ಗುರುವಾರ ಮಾತ್ರ ಸದರಿ ಶಿವಮೂರ್ತಿಯವರು, ಮೈದಾನದ ತುಂಬಾ ಓಡಾಡಿ ಚೆಂಡನ್ನು ಮಾತ್ರ ಮುಟ್ಟದ ಒಬ್ಬ ಆಟಗಾರನಿಗೆ "ನಮ್ಮ ಹನುಮಂತರಾಜು" ಎಂದು ಹೆಸರಿಟ್ಟರು. ಜನ ಬಿದ್ದು ಬಿದ್ದು ನಕ್ಕರು. ಉಲ್ಲೇಖ (1) ಅದರ ಫಲವಾಗಿರುತ್ತದೆ. ಆಗ ಜನ ಶಿವಮೂರ್ತಿಯವರ ಕಡೆಗೆ ತಿರುಗಿ ನಕ್ಕರು. ನಗುವವರಿಗೆ ಏನ್ರೀ, ಯಾವ ಕಡೆಗಾದರೂ ನಗುತ್ತಾರೆ.

ಶುಕ್ರವಾರ ಮೈಕನ್ನು ಕಾರ್ಯದರ್ಶಿಯವರೇ ಹಿಡಿದರು. "ಸದರಿ ಚೆಂಡನ್ನು ಕಿತ್ತಳೆ ಬಣ್ಣದ ಅಂಗಿ ಧರಿಸಿರುವ ಆಟಗಾರರು ಎದುರು ಪಕ್ಷದವರಿಂದ ಸ್ವೀಕರಿಸಿಕೊಂಡು, ಮುಂದಿನ ಕ್ರಮಕ್ಕಾಗಿ ಬಲಭಾಗಕ್ಕೆ ರವಾನಿಸಿರುತ್ತಾರೆ" ಎಂದು ಅವರು ವಾಕ್ಯ ಮುಗಿಸುವಷ್ಟರಲ್ಲಿ ಕಿತ್ತಳೆಯವರು ಪೆನಾಲ್ಟಿ ಹೊಡೆದು, ಅದು ಕಂಬಕ್ಕೆ ತಗುಲಿ, ಹೊಡೆದವನು ತಲೆ ಹಿಡಿದುಕೊಂಡು ಆಗಿತ್ತು. ಕರಿಬಸಮ್ಮನವರು "ಅಯ್ಯೋ, ಯಾಕ್ಲಾ ತಲೆ ಹಿಡ್ಕಂಡವ್ನೆ? ಏನಾಯ್ತ್ಲಾ?" ಎಂದು ಕೇಳಲಾಗಿ, "ಪರಿಶೀಲನೆಯಲ್ಲಿದೆ, ಕೂತ್ಕೊಳಜ್ಜಿ" ಎಂಬ ಉತ್ತರ ಬಂದಿರುತ್ತದೆ. "ನಿನ್ ಪರಿಶೀಲ್ನೆಗೆ ಬೆಂಕಿ ಬೀಳ" ಎಂದು ಅವರು ಬುಟ್ಟಿ ಎತ್ತಿಕೊಂಡು ಹೋದರು. ಅವರ ಹಿಂದೆ ಜನವೂ ಎದ್ದು ಹೋಯಿತು. ಇಟಲಿ ಗೆದ್ದಾಗ ಅದನ್ನು ಕೇಳಲು, ಮೈಕು ಸೆಟ್ಟನ್ನು ವಾಪಸು ಹೊರಬೇಕಾಗಿದ್ದ ಓಬಳಯ್ಯ ಒಬ್ಬರೇ ಉಳಿದಿದ್ದು, ಅವರೂ ನಿದ್ದೆಯಲ್ಲಿದ್ದರು.

ಸೋಮವಾರ ಸಂಜೆ ಫೈನಲ್ ಕ್ಯಾಸೆಟ್ಟು. ಶಿವಮೂರ್ತಿ ಮೈಕು ಹಿಡಿಯದಿದ್ದರೆ ಒಬ್ಬರೂ ಬರುವುದಿಲ್ಲವೆಂದು ಜನ ಕಾರ್ಯದರ್ಶಿಯವರ ಮುಖಕ್ಕೇ ಹೇಳಿರುತ್ತಾರೆ. ಈ ಎಲ್ಲವನ್ನೂ ಕೂಲಂಕಷವಾಗಿ ಪರಿಗಣಿಸಿ (ಕಾರ್ಯದರ್ಶಿಯವರು ಒಬ್ಬರೇ ಪರಿಗಣಿಸಿದರು, ಉಳಿದವರು ಟೀ ಕುಡಿದರು) ಈ ಕೆಳಕಂಡಂತೆ ಫರ್ಮಾನು ಹೊರಡಿಸಲಾಗಿದೆ:

1. ಫೈನಲ್ ಮ್ಯಾಚಿನ ಮಟ್ಟಿಗೆ ಮೈಕನ್ನು ಶಿವಮೂರ್ತಿಯವರ ಬಲಗೈಗೆ ದೊಡ್ಡ ಮನಸ್ಸು ಮಾಡಿ ಮಂಜೂರು ಮಾಡಲಾಗಿದೆ. ಎಡಗೈಗೆ ಬದಲಾಯಿಸಿಕೊಳ್ಳಬೇಕಾದಲ್ಲಿ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು.

2. ಮೈಕು ಹಿಡಿಯುವವರು ಎಸ್.ಎಸ್.ಎಲ್.ಸಿ. ಪಾಸಾಗಿರತಕ್ಕದ್ದು ಎಂಬ ನಿಯಮವನ್ನು ಗುರುವಾರ ಸಂಜೆ, ಮೈಕು ಕಿತ್ತುಕೊಂಡ ಮೇಲೆ, ಮಾಡಲಾಗಿದೆ. ಶಿವಮೂರ್ತಿಯವರಿಗೆ ಇದರಿಂದ ಅಡಚಣೆಯಾಗಬಾರದೆಂದು, ಮೊದಲ ಸೀಟಿ ಊದಿದ ಕ್ಷಣದಿಂದ ಕೊನೆಯ ಸೀಟಿಯವರೆಗೆ ಅವರನ್ನು ಎಸ್.ಎಸ್.ಎಲ್.ಸಿ. ಪಾಸು ಎಂದು ಭಾವಿಸಲಾಗುವುದು. ಸೀಟಿ ಮುಗಿದೊಡನೆ ಅವರು ತಾವಾಗಿಯೇ ಫೇಲಾಗತಕ್ಕದ್ದು. ಮ್ಯಾಚು ಹೆಚ್ಚಿನ ಸಮಯಕ್ಕೆ ಹೋದಲ್ಲಿ ಪಿ.ಯು.ಸಿ. ಎಂದೂ, ಪೆನಾಲ್ಟಿಗೆ ಹೋದಲ್ಲಿ ಬಿ.ಎ. ಎಂದೂ ಭಾವಿಸಲಾಗುವುದು. ಆ ಸಂದರ್ಭದಲ್ಲಿ ಕಾರ್ಯದರ್ಶಿಯವರು ಕುರ್ಚಿ ಬಿಟ್ಟು ಎದ್ದು ನಿಲ್ಲತಕ್ಕದ್ದು.

3. ಆಟಗಾರರಿಗೆ ಊರಿನ ಹೆಸರಿಡಲು ಅಭ್ಯಂತರವಿಲ್ಲ. ಕಾರ್ಯದರ್ಶಿಯವರ ಹೆಸರನ್ನು ಮಾತ್ರ ಇಡತಕ್ಕದ್ದಲ್ಲ. ಬಾಯಿ ತಪ್ಪಿ ಇಟ್ಟುಹೋದಲ್ಲಿ ಸದರಿ ಆಟಗಾರನು ಗೋಲು ಹೊಡೆಯುವುದು ಕಡ್ಡಾಯ. ಹೊಡೆಯದಿದ್ದರೆ ಅವನಿಂದ ವಿವರಣೆ ಕೇಳಲಾಗುವುದು, ಫ್ರಾನ್ಸಿನವನಾದರೂ ಸರಿ.

4. ಗುರುವಾರ ನಕ್ಕವರು ತಮ್ಮ ನಗುವನ್ನು ಸೋಮವಾರ ಮಧ್ಯಾಹ್ನದೊಳಗೆ ಕೇಬಲ್ ಆಫೀಸಿಗೆ ಖುದ್ದಾಗಿ ವಾಪಸು ಒಪ್ಪಿಸತಕ್ಕದ್ದು. ಟವೆಲ್ಲು ಅಡ್ಡ ಹಿಡಿದು ನಕ್ಕವರಿಗೆ ಅರ್ಧ ರಿಯಾಯಿತಿ ಇರುತ್ತದೆ. ಎರಡು ಕಡೆಗೂ ತಿರುಗಿ ನಕ್ಕವರು ಎರಡನ್ನೂ ಒಪ್ಪಿಸತಕ್ಕದ್ದು. ನಾಚಿಕೆ ಇದ್ದಲ್ಲಿ ಅದನ್ನೂ ಲಗತ್ತಿಸಬಹುದು.

5. ಕ್ಯಾಸೆಟ್ಟು ಹಾಕುವ ಮುನ್ನ ಯಾರು ಗೆದ್ದರೆಂದು ಯಾರಿಗೂ ತಿಳಿಯತಕ್ಕದ್ದಲ್ಲ. ಸೋಮವಾರ ತುಮಕೂರಿನಿಂದ ಬರುವವರು ಬಸ್ಸಿನಿಂದ ಬಾಯಿ ಮುಚ್ಚಿಕೊಂಡೇ ಇಳಿಯತಕ್ಕದ್ದು. ಎಲೆ ಅಡಿಕೆ ಹಾಕಿಕೊಂಡವರು ಉಗಿಯುವ ನೆಪದಲ್ಲಿ ಬಾಯಿ ತೆರೆದು "ಇಟಲಿ" ಎನ್ನತಕ್ಕದ್ದಲ್ಲ. ಕ್ಷೌರದ ಅಂಗಡಿಯಲ್ಲಿ ಪತ್ರಿಕೆಯ ಕೊನೆ ಹಾಳೆಯನ್ನು ನೊರೆ ಒರೆಸಲು ಮಾತ್ರ ಬಳಸತಕ್ಕದ್ದು. ಒರೆಸುವಾಗ ಕಣ್ಣಿಗೆ ಬಿದ್ದಲ್ಲಿ ಗಡ್ಡದವರೂ ಕ್ಷೌರಿಕರೂ ಸಂಜೆಯವರೆಗೆ ಅಂಗಡಿಯೊಳಗೇ ಉಳಿಯತಕ್ಕದ್ದು. ಊಟ ಇಲಾಖೆಯದು. ಮುದ್ದೆ ಮಾತ್ರ, ಸಾರು ಅವರವರದು.

6. ಕರಿಬಸಮ್ಮನವರು ಏನಾಯಿತೆಂದು ಕೇಳಿದ ತಕ್ಷಣ ಉತ್ತರ ಕೊಡತಕ್ಕದ್ದು. "ಪರಿಶೀಲನೆಯಲ್ಲಿದೆ" ಎಂಬ ಪದವನ್ನು ಜಗಲಿಯಿಂದ ಈ ಮೂಲಕ ಗಡೀಪಾರು ಮಾಡಲಾಗಿದೆ. ಸದರಿಯವರು ಆಟಗಾರರಿಗೆ ಹಾಕುವ ಶಾಪ ತಗುಲಬಾರದೆಂದು ಟಿ.ವಿ.ಗೆ ಬೇವಿನ ಸೊಪ್ಪು ಕಟ್ಟಲಾಗುವುದು.

7. ಕಾರ್ಯದರ್ಶಿಯವರ ಮೊಪೆಡ್ಡಿನ ಹಿಂದಿನ ಚಕ್ರ ಈ ದಿನ ಬೆಳಿಗ್ಗೆ ಗಾಳಿ ಕಳೆದುಕೊಂಡಿದ್ದು, ಅದನ್ನು ಅವರು ಪಂಚರ್ ಅಂಗಡಿಯ ಮುಂದಿನಿಂದಲೇ, ಮುಖ ಬೇರೆ ಕಡೆ ತಿರುಗಿಸಿಕೊಂಡು, ಗುಬ್ಬಿ ದಿಕ್ಕಿಗೆ ತಳ್ಳಿಕೊಂಡು ಹೋಗಿರುತ್ತಾರೆ. ಇದಕ್ಕೂ ಈ ಸುತ್ತೋಲೆಗೂ ಸಂಬಂಧ ಕಲ್ಪಿಸತಕ್ಕದ್ದಲ್ಲ. ನೋಡಿದವರು ನೋಡಿಲ್ಲವೆಂದು ತಿಳಿಯತಕ್ಕದ್ದು.

8. ಉಲ್ಲೇಖ (1)ರ ಮಾತಿಗೆ ಪ್ರತಿಯಾಗಿ ಎಲ್ಲರೆದುರಿಗೆ "ತಪ್ಪಾಯ್ತು" ಎನ್ನಬೇಕೆಂದು ಜನ ಕೇಳಿರುತ್ತಾರೆ. ಸದರಿ ಪದವು ಕಾರ್ಯದರ್ಶಿಯವರ ಬಳಿ ದಾಸ್ತಾನು ಇರುವುದಿಲ್ಲ. ಬಿ.ಎ. ಓದುವಾಗ ಕೊಟ್ಟಿರಲಿಲ್ಲವೆಂದು ತಿಳಿಸಿದ್ದಾರೆ. ತುಮಕೂರಿನಿಂದ ತರಿಸಲು ಬೇಡಿಕೆ ಕಳಿಸಲಾಗಿದ್ದು, ಅಲ್ಲಿಯೂ ಸಿಗದಿದ್ದಲ್ಲಿ ಕುಣಿಗಲ್ಲಿನಲ್ಲಿ ವಿಚಾರಿಸಲಾಗುವುದು. ಅದು ಬರುವವರೆಗೆ ಅದರ ಬದಲಿಗೆ "ಆಗಿದ್ದಾಯ್ತು" ಎಂಬುದನ್ನು ಬಳಸಲು ಅನುಮತಿಸಲಾಗಿದೆ. ಇದು ಬೈದವರಿಗೆ ಸಾಕಾಗುತ್ತದೆಂದು ಇಲಾಖೆಯ ಅಭಿಪ್ರಾಯ. ಬೈಸಿಕೊಂಡವರನ್ನು ಕೇಳುವ ಪದ್ಧತಿ ಇರುವುದಿಲ್ಲ.

9. ಮೇಲಿನ ಷರತ್ತುಗಳಿಗೆ ಶಿವಮೂರ್ತಿಯವರು ಎಲ್ಲರೆದುರಿಗೆ ಬಾಯಿಬಿಟ್ಟು "ಹೂಂ" ಎನ್ನತಕ್ಕದ್ದು. ಅಲ್ಲಿಯವರೆಗೆ ಫ್ರಾನ್ಸೂ ಇಟಲಿಯೂ ನಾಳೆ ಆಡಿದರೂ ಆಡಿದಂತಾಗುವುದಿಲ್ಲ.

ಸಹಿ/-
ಕಾರ್ಯದರ್ಶಿಯವರು ಎದ್ದು ಹೋಗಿದ್ದರಿಂದ, ಅವರ ಪರವಾಗಿ,
ಅವರ ಕುರ್ಚಿ

ಪ್ರತಿಗಳು:

1. ಗುಬ್ಬಿಯ ಬಾಮೈದನವರಿಗೆ. ಈ ಸಲವಾದರೂ ಮದುವೆ ಕ್ಯಾಸೆಟ್ಟಿನ ಮೇಲೆ ಮ್ಯಾಚು ಇಳಿಸದಿರಲು ಕೋರಿದೆ. ಹೋದ ವಾರ ಗೋಲು ಬೀಳುವ ಹೊತ್ತಿಗೆ ಸರಿಯಾಗಿ ಧಾರೆ ಎರೆಯುವುದು ಬಂದು, ಜನ ಎದ್ದು ಅಕ್ಷತೆ ಹಾಕಿರುತ್ತಾರೆ.

2. ಫ್ರಾನ್ಸ್ ಮತ್ತು ಇಟಲಿ ತಂಡಗಳವರಿಗೆ. ಕನ್ನಡದಲ್ಲಿ ಹೇಳಲು ಅನುಕೂಲವಾಗುವಂತೆ ಸ್ವಲ್ಪ ನಿಧಾನಕ್ಕೆ ಆಡುವುದು.

3. ಶ್ರೀಮತಿ ಕರಿಬಸಮ್ಮನವರಿಗೆ. ಓದಿ ಹೇಳಲಾಯಿತು. ಅಂಗೀಕಾರದ ಗುರುತಾಗಿ ಒಂದು ಹಿಡಿ ಕಡ್ಲೆಕಾಯಿ ಕೊಟ್ಟು, "ಅವ್ನು ಬಂದ್ರೆ ನಾನೂ ಬತ್ತೀನಿ" ಎಂದಿರುತ್ತಾರೆ.

4. ಶ್ರೀ ಶಿವಮೂರ್ತಿಯವರಿಗೆ, ಖುದ್ದಾಗಿ, ಓಬಳಯ್ಯನವರ ಮುಖಾಂತರ. ಜಾರಿ ಮಾಡಿದವರ ಷರಾ: ಪ್ರತಿ ತಲುಪಿಸಲಾಯಿತು. ಆಗ ಅಂಗಡಿಯ ಮುಂದೆ ಜನ ಸೇರಿದ್ದರು. ಕಾರ್ಯದರ್ಶಿಯವರು ಮೈಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಾವೇ ಬಂದು, "ತಗಳಪ್ಪ ಶಿವಮೂರ್ತಿ, ಆಗಿದ್ದಾಯ್ತು ಬುಡು. ಸೋಮವಾರ ಬರ್ತೀಯ ತಾನೆ?" ಎಂದು ಕೇಳಿದರು. ಸದರಿ ಶಿವಮೂರ್ತಿಯವರು ನೀರಿನ ತೊಟ್ಟಿಯಿಂದ ಟ್ಯೂಬು ತೆಗೆದು, ಒರೆಸಿ, ಮೊಳೆಗೆ ತಗುಲಿಹಾಕಿದರು. ಮೈಕಿನ ಕಡೆ ಒಂದು ಸಲ ನೋಡಿದರು. ಜನರ ಕಡೆಗೂ ನೋಡಿದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ, ಮೈಕನ್ನು ಕಾರ್ಯದರ್ಶಿಯವರ ಕೈಯಲ್ಲೇ ಬಿಟ್ಟು, ರೈಲ್ವೆ ಸ್ಟೇಷನ್ನಿನ ಕಡೆಗೆ ನಡೆದುಹೋದರು.